ಒಂದು ಓಟಿನ ಹಕ್ಕುದಾರರು

ವಾಣಿಶ್ರೀ ಶಾಲಾ ಮಂಡಳಿಯ ಚುನಾವಣೆಗೆ ನಿಂತದ್ದು ಮೂರು ನಿಮಿಷದ ಸಿಟ್ಟಿನಿಂದ. ಆ ಮಂಡಳಿಯ ಸಭೆಯಲ್ಲಿ ಊರಿನವರು ಯಾರು ಬೇಕಾದರೂ ಎದ್ದು ನಿಂತು ಮಾತಾಡಬಹುದು, ಆದರೆ ಮೂರೇ ನಿಮಿಷ. ಎರಡೂವರೆ ನಿಮಿಷಕ್ಕೆ ಹಳದಿ ದೀಪ ಹತ್ತುತ್ತದೆ, ಮೂರಕ್ಕೆ ಕೆಂಪು ದೀಪ, ಅದರ ಮರುಕ್ಷಣ ಮೈಕು ಬಂದ್. ವಾಣಿಶ್ರೀ ಗದಗಿನವಳು. ಆ ಕಡೆ ಮೂರು ನಿಮಿಷದಲ್ಲಿ ಕ್ಷೇಮಸಮಾಚಾರ ಕೇಳುವುದೇ ಮುಗಿಯುವುದಿಲ್ಲ. ಅವಳು ನಮಸ್ಕಾರ ಹೇಳಿ, ಮಂಡಳಿಯ ಏಳೂ ಜನರ ಸೇವೆಯನ್ನು ಕೊಂಡಾಡಿ, ಇನ್ನೇನು ವಿಷಯಕ್ಕೆ ಬರಬೇಕು ಅನ್ನುವಷ್ಟರಲ್ಲಿ ಕೆಂಪು ದೀಪ ಬಂತು. ತುಟಿ ಆಡುತ್ತಿತ್ತು, ದನಿ ಇರಲಿಲ್ಲ. ಏಳೂ ಜನ ಮುಗುಳ್ನಕ್ಕು ಮುಂದಿನವರನ್ನು ಕರೆದರು.

ಅವಳು ಹೇಳಬೇಕೆಂದಿದ್ದ ವಿಷಯ ಬಸ್ಸಿನದು. ಅವಳ ಮನೆ ಇರುವುದು ಹೆರಾನ್ ಪಾಂಡ್ ಎಂಬ ಸಬ್‌ಡಿವಿಷನ್ನಿನಲ್ಲಿ, ಅಮೆರಿಕದ ಡೆಟ್ರಾಯ್ಟ್ ಬಳಿಯ ನೋವೈ ಊರಿನ ಪಶ್ಚಿಮಕ್ಕೆ. ಬಡಾವಣೆಯಲ್ಲಿ ಒಟ್ಟು ಅರವತ್ನಾಲ್ಕು ಮನೆ. ಹೆಸರಿನಲ್ಲಿರುವ ಕೊಕ್ಕರೆಯನ್ನು ಈವರೆಗೆ ಯಾರೂ ನೋಡಿಲ್ಲ, ಕೆರೆ ಎನ್ನುವುದು ಮಳೆನೀರು ನಿಲ್ಲಲೆಂದು ಬಿಲ್ಡರ್ ತೋಡಿಸಿದ ಗುಂಡಿ. ಶಾಲಾ ಜಿಲ್ಲೆಯ ನಕಾಶೆಯಲ್ಲಿ ಈ ಅರವತ್ನಾಲ್ಕು ಮನೆ ಮಾತ್ರ ಪಕ್ಕದ ಟೌನ್‌ಶಿಪ್ಪಿನೊಳಗೆ, ಅಂದರೆ ಬೇರೆ ಪಂಚಾಯ್ತಿಯೊಳಗೆ, ಚಾಚಿಕೊಂಡಿವೆ. ಹಾಗಾಗಿ ಮಕ್ಕಳ ಶಾಲೆ ಒಂದು ಕಡೆ, ದೊಡ್ಡವರ ಓಟು ಎಣಿಸುವುದು ಇನ್ನೊಂದು ಕಡೆ. ರಸ್ತೆಯ ಹಿಮ ತೆಗೆಯುವುದು ಯಾರ ಕೆಲಸ ಎಂಬುದಿನ್ನೂ ತೀರ್ಮಾನವಾಗಿಲ್ಲ.

ಶಾಲಾ ಬಸ್ಸು ಈ ಸಬ್‌ಡಿವಿಷನ್ನಿನ ಒಳಗೆ ಬರುತ್ತಿರಲಿಲ್ಲ. ಒಳಗೆ ತಿರುಗಿಸಲು ಜಾಗ ಸಾಲದು ಎಂದು ಕಚೇರಿಯವರ ಉತ್ತರ. ಅದಕ್ಕಿಂತ ಉದ್ದದ ಕಸದ ಲಾರಿ ಪ್ರತಿ ಗುರುವಾರ ಒಳಗೆ ಬಂದು, ತಿರುಗಿ, ಹಾಯಾಗಿ ಹೋಗುತ್ತಿತ್ತು. ಮಕ್ಕಳು ಮಾತ್ರ ಬೆಳಗಿನ ಕತ್ತಲಲ್ಲಿ, ಸೊನ್ನೆಗೂ ಹದಿನೈದು ಡಿಗ್ರಿ ಕೆಳಗಿನ ಚಳಿಯಲ್ಲಿ, ಗಂಟೆಗೆ ಐವತ್ತು ಮೈಲಿ ವೇಗದ ರಸ್ತೆಯ ಅಂಚಿಗೆ ಹೋಗಿ ನಿಲ್ಲಬೇಕು. ವಾಣಿಶ್ರೀ ಕಾರಿನ ಹೆಡ್‌ಲೈಟ್ ತಯಾರಿಸುವ ಕಂಪನಿಯಲ್ಲಿ ಇಂಜಿನಿಯರು. ಕಪ್ಪು ಜಾಕೆಟ್ಟಿನ ಮಗು ಡ್ರೈವರಿನ ಕಣ್ಣಿಗೆ ಎಷ್ಟು ಅಡಿ ದೂರದಿಂದ ಕಾಣುತ್ತದೆ, ಕಾರು ನಿಲ್ಲಲು ಎಷ್ಟು ಅಡಿ ಬೇಕು ಎಂದು ಅಳೆಯುವುದೇ ಅವಳ ಸಂಬಳದ ಕೆಲಸ. ಮೊದಲನೆಯ ಅಂಕಿ ಎರಡನೆಯದಕ್ಕಿಂತ ಚಿಕ್ಕದು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಹಿಂದಿನ ಜನವರಿಯಲ್ಲಿ ಒಂದು ದಿನ ಪಿಕಪ್ ಟ್ರಕ್ಕೊಂದು ಐಸಿನ ಮೇಲೆ ಜಾರಿ, ಮಕ್ಕಳು ನಿಲ್ಲುವ ಜಾಗಕ್ಕೇ ಬಂದು, ಹೆರಾನ್ ಪಾಂಡ್ ಎಂದು ಕೆತ್ತಿದ್ದ ಫಲಕವನ್ನು ಮುರಿದು ನಿಂತಿತು. ಸದ್ದು ಕೇಳಿ ವಾಣಿಶ್ರೀ ಚಪ್ಪಲಿಯಲ್ಲೇ ಓಡಿದಳು. ಟ್ರಕ್ಕಿನ ಮುಂದಿನ ಗಾಲಿಯ ಕೆಳಗೆ ಮಗಳು ದಿಯಾಳ ಊಟದ ಚೀಲ ಇತ್ತು. ಚಿತ್ರಾನ್ನ ಹಿಮದ ಮೇಲೆ ಚೆಲ್ಲಿತ್ತು. ಮಕ್ಕಳು ಯಾರೂ ಕಾಣಲಿಲ್ಲ. ಬಸ್ಸು ಬಂದು ಹೋಗಿದೆಯೋ ಇಲ್ಲವೋ ಹೇಳುವವರಿರಲಿಲ್ಲ, ಟ್ರಕ್ಕಿನವನಿಗೆ ಮಾತೇ ಹೊರಡುತ್ತಿರಲಿಲ್ಲ. ಶಾಲೆಯ ಆಫೀಸಿನಾಕೆ ಫೋನಿನಲ್ಲಿ 'ದಿಯಾ ಕ್ಲಾಸಿನಲ್ಲೇ ಇದ್ದಾಳೆ, ಚೀಲ ಮರೆತಳಂತೆ' ಎಂದು ಹೇಳುವ ಹೊತ್ತಿಗೆ ಹದಿನಾಲ್ಕು ನಿಮಿಷ ಆಗಿತ್ತು. ಆ ಹದಿನಾಲ್ಕು ನಿಮಿಷವನ್ನು ವಾಣಿಶ್ರೀ ಇವತ್ತಿಗೂ ಯಾರಿಗೂ ಪೂರ್ತಿ ಹೇಳಿಲ್ಲ. ಮಂಡಳಿಯ ಮುಂದೆ ಹೇಳಲು ಹೋದಳು, ಅವರು ಮೂರು ಕೊಟ್ಟರು.

ಹಾಗಾಗಿ ಅವಳು ಚುನಾವಣೆಗೆ ನಿಂತಳು. ಮಧ್ಯದಲ್ಲಿ ಯಾರೋ ರಾಜೀನಾಮೆ ಕೊಟ್ಟು ಖಾಲಿಯಾಗಿದ್ದ ಒಂದು ಸೀಟು, ಎರಡು ವರ್ಷದ ಅವಧಿ. ಅರ್ಜಿಗೆ ನಲವತ್ತು ಮತದಾರರ ಸಹಿ ಬೇಕು. ವಾಣಿಶ್ರೀ ಸಹಿಗಳನ್ನು ಬಿಳಿಯರ ಮನೆಗಳಲ್ಲಿ ಕೇಳಿದಳು, ತೆಲುಗರ ಮನೆಗಳಲ್ಲಿ ಕೇಳಿದಳು, ಒಂದು ಕೊರಿಯನ್ ಮನೆಯಲ್ಲೂ ಕೇಳಿದಳು. ಕನ್ನಡದ ಒಂದು ಮನೆಯ ಗಂಟೆಯನ್ನೂ ಒತ್ತಲಿಲ್ಲ. ಕೈಗೆತ್ತಿಕೊಂಡ ಕೆಲಸ ಆಗುವ ತನಕ ನಮ್ಮವರ ಕಿವಿಗೆ ಬೀಳಬಾರದು, ಬಿದ್ದರೆ ದೃಷ್ಟಿಯಾಗುತ್ತದೆ ಎಂದು ಅವಳ ತಾಯಿ ನೀಲಮ್ಮ ಫೋನಿನಲ್ಲಿ ತಾಕೀತು ಮಾಡಿದ್ದಳು. ಅಮೆರಿಕದ ಸಿಟಿಜನ್ ಆಗುವಾಗಲೂ ಹೀಗೇ ಯಾರಿಗೂ ಹೇಳದೆ ಆಗಿದ್ದಳು, ಮನೆ ಕೊಳ್ಳುವಾಗಲೂ ಅಷ್ಟೆ.

ಅದೇ ಹೊತ್ತಿಗೆ, ಜುಲೈ ತಿಂಗಳಲ್ಲಿ, ಅಲ್ಲಿಂದ ಮೂರು ಮೈಲಿ ದೂರದ ಇನ್ನೊಂದು ಸಬ್‌ಡಿವಿಷನ್ನಿನಲ್ಲಿ, ಪದ್ಮನಾಭ ಎಂಬ ನಿವೃತ್ತ ಇಂಜಿನಿಯರೂ ಇದೇ ಕಾರಣಕ್ಕೆ ಒಂದು ಕನ್ನಡದ ಮನೆಗೂ ಹೋಗದೆ ನಲವತ್ತು ಸಹಿ ಕೂಡಿಸುತ್ತಿದ್ದರು. ಕೊನೆಯ ದಿನ, ಕಚೇರಿ ಮುಚ್ಚುವ ಇಪ್ಪತ್ತು ನಿಮಿಷ ಮೊದಲು, ಅದೇ ಸೀಟಿಗೆ ಅರ್ಜಿ ಕೊಟ್ಟು ಬಂದರು. ಇಬ್ಬರಿಗೂ ಯಾರ ದೃಷ್ಟಿಯೂ ತಾಗಲಿಲ್ಲ. ಇಬ್ಬರ ಹೆಸರೂ ಒಂದರ ಕೆಳಗೊಂದು ಅಚ್ಚಾಗುವುದೆಂದು ನಿಶ್ಚಯವಾಯಿತು, ಮೇಲೆ ಆ ಖಾಲಿ ಸೀಟಿಗೆ ಮಂಡಳಿ ತಾತ್ಕಾಲಿಕವಾಗಿ ನೇಮಿಸಿದ್ದ ಗ್ರೆಗ್ ಕೊವಾಲ್ಸ್ಕಿ ಎಂಬ ಸದಸ್ಯನ ಹೆಸರು. ಕೊವಾಲ್ಸ್ಕಿಗೆ ಹುಲ್ಲು ಕತ್ತರಿಸುವ ವ್ಯಾಪಾರವಿತ್ತು. ಅವನ ಗಿರಾಕಿಗಳ ಅಂಗಳದಲ್ಲೆಲ್ಲ ಅವನ ಹೆಸರಿನ ಬೋರ್ಡು ವರ್ಷಪೂರ್ತಿ ನೆಟ್ಟೇ ಇರುತ್ತಿತ್ತು.

ವಿಷಯ ಆಗಸ್ಟಿನಲ್ಲಿ ಬಯಲಾಯಿತು. ಕನ್ನಡ ಸಂಘದ ಹಿರಿಯರು ಕೂಡಲೇ ಸಭೆ ಕರೆದರು.

ಈ ಸಂಘದ ಬಗ್ಗೆ ಒಂದು ಮಾತು ಹೇಳಬೇಕು. ಇಪ್ಪತ್ತಾರು ವರ್ಷದಲ್ಲಿ ಅಲ್ಲಿ ಒಂದು ಸಲವೂ ಓಟು ನಡೆದಿಲ್ಲ. ಪ್ರತಿ ವರ್ಷವೂ ಅವಿರೋಧ ಆಯ್ಕೆ. ಒಂದು ಹುದ್ದೆಗೆ ಇಬ್ಬರು ಆಸೆಪಟ್ಟರೆ ಹಿರಿಯರು ಇಬ್ಬರನ್ನೂ ಯಾರದಾದರೂ ಮನೆಗೆ ಕರೆಸಿ, ಉಪ್ಪಿಟ್ಟು ಕೊಟ್ಟು, ಕಾಫಿ ಕೊಟ್ಟು, ಒಬ್ಬರು ಹಿಂದೆ ಸರಿಯುವ ತನಕ ಬಾಗಿಲ ಬಳಿ ಚಪ್ಪಲಿ ಹಾಕಿಕೊಳ್ಳಲು ಬಿಡುವುದಿಲ್ಲ. ಮೊದಲ ವರ್ಷ ಯಾರೋ ಉತ್ಸಾಹದಿಂದ ತಂದಿದ್ದ ಮತಪೆಟ್ಟಿಗೆಯಲ್ಲಿ ಈಗ ಸಂಘದ ಚಮಚಗಳನ್ನು ಇಡುತ್ತಾರೆ.

ಸಭೆ ನಡೆದದ್ದು ಪದ್ಮನಾಭರ ಮನೆಯಲ್ಲೇ. ಅಧ್ಯಕ್ಷತೆ ಡಾಕ್ಟರ್ ಗದಿಗೆಪ್ಪನವರದು. ಮೂತ್ರಪಿಂಡದ ಡಾಕ್ಟರು, ವಾಸ ಫಾರ್ಮಿಂಗ್ಟನ್ ಹಿಲ್ಸ್. ಆ ಶಾಲಾ ಜಿಲ್ಲೆಗೂ ಅವರಿಗೂ ಯಾವ ಸಂಬಂಧವೂ ಇರಲಿಲ್ಲ, ಅವರ ಓಟು ಅಲ್ಲಿ ನಡೆಯುತ್ತಿರಲಿಲ್ಲ. ಆದರೂ ಅವರಿಲ್ಲದೆ ಇಂಥ ಸಭೆ ಕೂಡುವುದುಂಟೇ?

"ನೋಡವಾ ತಂಗಿ," ಎಂದರು ಗದಿಗೆಪ್ಪ. "ನೀವಿಬ್ರೂ ನಿಂತ್ರ ನಮ್ಮ ಓಟು ಎರಡು ಪಾಲು ಆಗ್ತಾವು. ಆ ಹುಲ್ಲು ಕತ್ತರಸಾಂವ ನಡುವ ಆರಿಸಿ ಬರ್ತಾನ. ಹೌದಿಲ್ಲೋ?"

"ಹೌದ್ರಿ," ಎಂದಳು ವಾಣಿಶ್ರೀ.

"ಅಂದ ಮ್ಯಾಲ ಒಬ್ರು ಹಿಂದ ಸರೀಬೇಕು."

ಯಾರು ಎಂದು ಅವರು ಹೇಳಲಿಲ್ಲ. ಹೇಳದೆ ವಾಣಿಶ್ರೀಯನ್ನೇ ನೋಡುತ್ತ ಉಪ್ಪಿಟ್ಟು ತಿಂದರು. ಅವಳ ಗಂಡ ಕಲ್ಮೇಶ್ ಕಾರಿನ ಬ್ರೇಕುಗಳ ಇಂಜಿನಿಯರು, ಅವನು ನೆಲಹಾಸನ್ನು ನೋಡುತ್ತ ತಿಂದ. ಪದ್ಮನಾಭರು ಮಾತ್ರ ಏನೂ ತಿನ್ನದೆ, ಮಡಿಸಿದ ಕೈಗಳನ್ನು ಮಂಡಿಯ ಮೇಲಿಟ್ಟು, ಇಸ್ತ್ರಿ ಮಾಡಿದ ಅಂಗಿಯಲ್ಲಿ ನೆಟ್ಟಗೆ ಕೂತಿದ್ದರು.

ವಾಣಿಶ್ರೀ ತಟ್ಟೆ ಇಡುವ ನೆವದಲ್ಲಿ ಅಡುಗೆಮನೆಗೆ ಹೋದಳು. ಅಲ್ಲಿ ಪದ್ಮನಾಭರ ಹೆಂಡತಿ ಕೌಸಲ್ಯಾ ಒಬ್ಬರೇ ನಿಂತು ಎಲೆ ಅಡಿಕೆ ಜೋಡಿಸುತ್ತಿದ್ದರು.

"ವಾಣಿ, ನಾನು ನಿನಗೆ ಹಿಂದೆ ಸರಿ ಅಂತ ಹೇಳಲ್ಲಮ್ಮ," ಎಂದರು ಅವರು. "ನಿನ್ನ ಬಸ್ಸಿನ ವಿಷಯ ನಂಗೊತ್ತು. ಆದ್ರೆ ಒಂದು ಮಾತು ಕೇಳು. ಇವರು ರಿಟೈರ್ ಆಗಿ ಹದಿನಾಲ್ಕು ತಿಂಗಳಾಯ್ತು. ಇವತ್ತಿಗೂ ಬೆಳಿಗ್ಗೆ ಏಳಕ್ಕೆ ಅಂಗಿ ಇಸ್ತ್ರಿ ಮಾಡ್ತಾರೆ. ಹಾಕ್ಕೊಂಡು, ಷೂ ಕಟ್ಕೊಂಡು, ಈ ಕುರ್ಚೀಲಿ ಬಂದು ಕೂತ್ಕೋತಾರೆ. ಹೋಗೋದಕ್ಕೆ ಎಲ್ಲೂ ಇಲ್ಲ."

ವಾಣಿಶ್ರೀಗೆ ಎರಡು ಸಾವಿರದ ಆರನೆಯ ಇಸವಿಯ ಫೆಬ್ರವರಿ ನೆನಪಾಯಿತು. ಡೆಟ್ರಾಯ್ಟ್ ವಿಮಾನ ನಿಲ್ದಾಣದಲ್ಲಿ ಅವಳೂ ಕಲ್ಮೇಶನೂ ಒಂದೊಂದು ಸ್ವೆಟರಿನಲ್ಲಿ ಇಳಿದಿದ್ದರು. ಪರಿಚಯವಿಲ್ಲದ ಒಬ್ಬ ಮೈಸೂರಿನ ಮನುಷ್ಯ ಎರಡು ಕೋಟು ಹಿಡಿದು ಬಾಗಿಲಲ್ಲಿ ನಿಂತಿದ್ದರು, ಒಂದು ಅವರದೇ ಹಳೆಯದು, ಇನ್ನೊಂದು ಕೌಸಲ್ಯಾರದು. ಮೂರು ವಾರ ಗಂಡ ಹೆಂಡತಿ ಇಬ್ಬರೂ ಇವರದೇ ಬೇಸ್‌ಮೆಂಟಿನಲ್ಲಿ ಇದ್ದರು. ಖಾಲಿ ಪಾರ್ಕಿಂಗ್ ಲಾಟಿನಲ್ಲಿ ಅವಳಿಗೆ ಡ್ರೈವಿಂಗ್ ಕಲಿಸಿದವರೂ ಪದ್ಮನಾಭರೇ. ಅವಳು ಎರಡು ಸಲ ಅವರ ಕಾರನ್ನು ದೀಪದ ಕಂಬಕ್ಕೆ ಗುದ್ದಿದಾಗಲೂ ಅವರು 'ಪರವಾಗಿಲ್ಲಮ್ಮ, ಕಂಬ ಅಲ್ಲೇ ಇದೆ' ಎಂದಿದ್ದರು.

ಅವಳು ಹೊರಗೆ ಬಂದು, "ಆತ್ರಿ, ನಾ ಹಿಂದ ಸರೀತೀನಿ," ಎಂದಳು. "ಆದ್ರ ಅಂಕಲ್, ಬಸ್ಸು ಒಳಗ ಬರಬೇಕು."

"ಬರುತ್ತಮ್ಮ. ಮೊದಲನೇ ಮೀಟಿಂಗಲ್ಲೇ ಎತ್ತುತೀನಿ," ಎಂದರು ಪದ್ಮನಾಭ. ಎಲೆ ಅಡಿಕೆ ಕೊಟ್ಟು ತಗೊಂಡದ್ದಾಯಿತು. ಎಲೆ ಅಡಿಕೆಯಾದ ಮೇಲೆ ಮಾತು ಮಾತೇ.

ಮರುದಿನ ವಾಣಿಶ್ರೀ ಚುನಾವಣಾ ಕಚೇರಿಗೆ ಫೋನ್ ಮಾಡಿ, ತನ್ನ ಹೆಸರು ತೆಗೆಯಿರಿ ಎಂದಳು. ಹೆಸರು ತೆಗೆಯುವುದಿದ್ದರೆ ಅರ್ಜಿಯ ಕೊನೆಯ ದಿನದಿಂದ ಮೂರು ದಿನದೊಳಗೆ ಬರಬೇಕಿತ್ತು, ಈಗ ಆಗುವುದಿಲ್ಲ ಎಂದು ಆ ಕಡೆಯ ಹೆಂಗಸು ಹೇಳಿದಳು. ನಾವು ಮನೆಯಲ್ಲೇ ಮಾತಾಡಿ ತೀರ್ಮಾನ ಮಾಡಿಕೊಂಡಿದ್ದೇವೆ ಎಂದು ವಾಣಿಶ್ರೀ ವಿವರಿಸಿದಳು. ಒಳ್ಳೆಯದಾಯಿತು, ಆದರೂ ಹೆಸರು ಇರುತ್ತದೆ ಎಂದಳು ಆಕೆ.

ಇಪ್ಪತ್ತಾರು ವರ್ಷದಲ್ಲಿ ಹಿರಿಯರಿಗೆ ಈ ತೊಡಕು ಒಮ್ಮೆಯೂ ಬಂದಿರಲಿಲ್ಲ. ಗದಿಗೆಪ್ಪನವರು ಎರಡು ದಿನ ಯೋಚಿಸಿ ಪರಿಹಾರ ಹೇಳಿದರು. "ಹೆಸರು ಇದ್ರ ಇರವಲ್ದ್ಯಾಕ. ನೀ ಮನಿ ಮನಿಗೆ ಹೋಗು. ನನಗ ಹಾಕಬ್ಯಾಡ್ರಿ, ಪದ್ಮನಾಭ ಅವ್ರಿಗೆ ಹಾಕ್ರಿ ಅಂತ ಹೇಳು. ಮುಗೀತು." ಪದ್ಮನಾಭರಿಗೆ ಮಂಡಿನೋವು ಬೇರೆ ಇತ್ತು. ಹೆರಾನ್ ಪಾಂಡಿನ ಅರವತ್ನಾಲ್ಕು ಮನೆಗಳನ್ನು ವಾಣಿಶ್ರೀಗೇ ಒಪ್ಪಿಸಿದರು.

"ಅಮ್ಮಾ, ದಟ್ಸ್ ನಾಟ್ ಹೌ ಕ್ಯಾಂಪೇನ್ಸ್ ವರ್ಕ್," ಎಂದಳು ದಿಯಾ. ಅವಳು ಎಂಟನೆಯ ತರಗತಿಯಲ್ಲಿದ್ದಳು, ಸಿವಿಕ್ಸ್ ಪಾಠದಲ್ಲಿ ಇದೆಲ್ಲ ಬಂದಿತ್ತು.

"ನೀ ಸುಮ್ಮನಿರು. ಎಲಿ ಅಡಿಕಿ ತಗೊಂಡೀನಿ," ಎಂದಳು ವಾಣಿಶ್ರೀ.

ಕೆಲಸ ಮಾಡಿದರೆ ನೆಟ್ಟಗೆ ಮಾಡುವ ಹೆಂಗಸು ಅವಳು. ಸೆಪ್ಟೆಂಬರಿನ ಒಂದು ಶನಿವಾರ ಪದ್ಮನಾಭರ ಚಿತ್ರವಿದ್ದ ಕರಪತ್ರಗಳನ್ನು ಹಿಡಿದು ಹೊರಟಳು. ಮೊದಲನೆಯ ಮನೆ ಮಿಸೆಸ್ ವ್ಯಾಂಡರ್‌ವೀನ್ ಎಂಬ ನಿವೃತ್ತ ಟೀಚರಮ್ಮನದು. ಚುನಾವಣೆಗೆ ನಿಂತಿದ್ದೇನೆ, ಆದರೆ ನನಗೆ ಓಟು ಹಾಕಬೇಡಿ ಎಂದು ವಾಣಿಶ್ರೀ ಇಂಗ್ಲಿಷಿನಲ್ಲಿ ಶುರು ಮಾಡಿದಳು. ಟೀಚರಮ್ಮ ಕನ್ನಡಕ ಹಾಕಿಕೊಂಡು ಬಂದು, ಇನ್ನೊಮ್ಮೆ ಹೇಳು ಎಂದಳು. ವಾಣಿಶ್ರೀ ಇನ್ನೊಮ್ಮೆ ಹೇಳಿದಳು. ಪದ್ಮನಾಭ ಎಂಬ ಹಿರಿಯರಿದ್ದಾರೆ, ನನಗಿಂತ ಯೋಗ್ಯರು, ನಮ್ಮನ್ನು ಮೊದಲ ಚಳಿಗಾಲದಲ್ಲಿ ಕಾಪಾಡಿದವರು, ಅವರು ಬಸ್ಸನ್ನು ಒಳಗೆ ತರಿಸುತ್ತಾರೆ. ಯಾವ ಬಸ್ಸು ಎಂದು ಟೀಚರಮ್ಮ ಕೇಳಿದಳು. ಕೇಳಿದ ಮೇಲೆ ಹೇಳದಿರಲಾದೀತೇ? ವಾಣಿಶ್ರೀ ಕಪ್ಪು ಜಾಕೆಟ್ಟಿನ ಮಗುವನ್ನೂ, ಹೆಡ್‌ಲೈಟಿನ ಅಡಿಗಳನ್ನೂ, ಟ್ರಕ್ಕಿನ ಗಾಲಿಯ ಕೆಳಗಿನ ಊಟದ ಚೀಲವನ್ನೂ ಹೇಳಿದಳು. ಇಲ್ಲಿ ಕೆಂಪು ದೀಪ ಹತ್ತಿಸುವವರು ಯಾರೂ ಇರಲಿಲ್ಲ. ಹೊರಡುವಾಗ, ದಯವಿಟ್ಟು ನನಗೆ ಹಾಕಬೇಡಿ ಎಂದು ಮತ್ತೊಮ್ಮೆ ಕೇಳಿಕೊಂಡಳು. ಟೀಚರಮ್ಮ ಅವಳ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ.

ಹೀಗೇ ಅರವತ್ನಾಲ್ಕೂ ಮನೆ ಆಯಿತು. ಅವುಗಳಲ್ಲಿ ಕನ್ನಡದವು ಒಂಬತ್ತು. ಅಲ್ಲಿ ಮಾತ್ರ ಕೆಲಸ ನಿಧಾನ, ಚಹಾ ಕುಡಿಸದೆ ಕರಪತ್ರ ತೆಗೆದುಕೊಳ್ಳುವವರೇ ಇಲ್ಲ. ಒಂಬತ್ತು ಮನೆಯವರೂ 'ಪದ್ಮನಾಭ ಅಂಕಲ್‌ಗಲ್ದೆ ಇನ್ಯಾರಿಗೆ ಹಾಕ್ತೀವಿ' ಎಂದು ಎದೆ ಮುಟ್ಟಿಕೊಂಡು ಹೇಳಿದರು.

ಆ ವಾರವೇ ಮಿಸೆಸ್ ವ್ಯಾಂಡರ್‌ವೀನ್ ಊರಿನ ಫೇಸ್‌ಬುಕ್ ಗುಂಪಿನಲ್ಲಿ ಬರೆದಳು: ಐವತ್ತು ವರ್ಷ ಓಟು ಹಾಕಿದ್ದೇನೆ, ತನಗೆ ಓಟು ಬೇಡ ಎಂದು ಕೇಳಿಕೊಂಡು ಬಂದ ಅಭ್ಯರ್ಥಿಯನ್ನು ಮೊದಲ ಸಲ ನೋಡಿದೆ, ನನ್ನ ಓಟು ಅವಳಿಗೇ. ಅದನ್ನು ಊರಿಗೆ ಊರೇ ಹಂಚಿಕೊಂಡಿತು. ವಾಣಿಶ್ರೀ ಗಾಬರಿಯಾಗಿ ಅದರ ಕೆಳಗೇ ಬರೆದಳು: ದಯವಿಟ್ಟು ಹಾಗೆ ಮಾಡಬೇಡಿ, ಪದ್ಮನಾಭರಿಗೆ ಹಾಕಿ. ಆ ಸಾಲಿಗೆ ಒಂಬೈನೂರು ಜನ ಹೃದಯದ ಗುರುತು ಒತ್ತಿದರು.

ಅಕ್ಟೋಬರಿನಲ್ಲಿ ಲೈಬ್ರರಿಯಲ್ಲಿ ಮೂವರು ಅಭ್ಯರ್ಥಿಗಳ ಚರ್ಚೆ ಇಟ್ಟಿದ್ದರು, ಒಬ್ಬೊಬ್ಬರಿಗೆ ಎರಡು ನಿಮಿಷ. ಕೊವಾಲ್ಸ್ಕಿ ಮಕ್ಕಳೇ ನಮ್ಮ ಭವಿಷ್ಯ ಎಂದ. ಪದ್ಮನಾಭರು ನಲವತ್ತೆರಡು ಸ್ಲೈಡ್ ತಂದಿದ್ದರು, ಆರನೆಯದಕ್ಕೆ ಸಮಯ ಮುಗಿಯಿತು. ವಾಣಿಶ್ರೀ ಎದ್ದು, ನಮಸ್ಕಾರವನ್ನೂ ಹೊಗಳಿಕೆಯನ್ನೂ ಬಿಟ್ಟು ನೇರ ಬಸ್ಸಿಗೆ ಬಂದಳು. ಒಂದು ನಿಮಿಷ ಐವತ್ತು ಸೆಕೆಂಡು ಬಸ್ಸಿನ ಮಾತು, ಕೊನೆಯ ಹತ್ತು ಸೆಕೆಂಡು 'ಅದಕ್ಕೇ ಪದ್ಮನಾಭರಿಗೆ ಓಟು ಹಾಕಿ' ಎಂಬ ಮಾತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪದ್ಮನಾಭರೂ ತಟ್ಟಿದರು.

ಮನೆಗೆ ಬರುವಾಗ ಕಾರಿನಲ್ಲಿ ಕಲ್ಮೇಶ್, "ನೀ ಬ್ಯಾಡ ಬ್ಯಾಡ ಅಂದಂಗ ಮಂದಿ ನಿನಗ ಹಾಕಾಕತ್ತಾರಲ್ಲ," ಎಂದ.

"ನಾ ಏನ್ ಮಾಡ್ಲಿ? ಸುಮ್ಮನಿದ್ರ ಮಾತು ತಪ್ಪಿದಂಗ. ಮಾತಾಡಿದ್ರ ಹಿಂಗ," ಎಂದಳು ವಾಣಿಶ್ರೀ. ಅವಳಿಗೆ ಅಳು ಬರುವುದೊಂದು ಬಾಕಿಯಿತ್ತು. ಬಸ್ಸು ಬೇಕು, ಮಾತೂ ಉಳಿಯಬೇಕು. ಎರಡರ ನಡುವೆ ಅವಳು ತಿಂಗಳುಗಟ್ಟಲೆ ಸರಿಯಾಗಿ ನಿದ್ದೆ ಮಾಡಿರಲಿಲ್ಲ.

ನವೆಂಬರಿನಲ್ಲಿ ಮತದಾನದ ಮಂಗಳವಾರ ಬೆಳಿಗ್ಗೆ ಅವಳು ಆಫೀಸಿಗೆ ಹೋಗುವ ದಾರಿಯಲ್ಲಿ ಟೌನ್‌ಶಿಪ್ ಹಾಲಿಗೆ ಹೋದಳು. ಮತಪತ್ರದ ಮುಂದಿನ ಬದಿಯಲ್ಲಿ ದೇಶದ ದೊಡ್ಡ ದೊಡ್ಡ ಹೆಸರುಗಳು. ಶಾಲಾ ಮಂಡಳಿ ಹಿಂಬದಿಯಲ್ಲಿ, ಎಲ್ಲಕ್ಕಿಂತ ಕೆಳಗೆ. ಅಲ್ಲಿ ತನ್ನ ಹೆಸರನ್ನು ಅಚ್ಚಿನಲ್ಲಿ ನೋಡಿದಳು. ಸುತ್ತ ಮೂರು ಕಡೆ ರಟ್ಟಿನ ಮರೆ. ಗದಿಗೆಪ್ಪ ಇಲ್ಲ, ಕೌಸಲ್ಯಾ ಇಲ್ಲ, ಯಾರೂ ನೋಡುವವರಿಲ್ಲ. ಹಿಮದ ಮೇಲೆ ಚೆಲ್ಲಿದ್ದ ಚಿತ್ರಾನ್ನ ಕಣ್ಣ ಮುಂದೆ ಬಂತು. ಅವಳ ಪೆನ್ನು ತನ್ನ ಹೆಸರಿನ ಪಕ್ಕದಲ್ಲಿ ಸಾಕಷ್ಟು ಹೊತ್ತು ನಿಂತಿತ್ತು. ಹಿಂದೆ ಸಾಲಿನಲ್ಲಿ ಯಾರೋ ಕೆಮ್ಮಿದರು. ಅವಳು ಪದ್ಮನಾಭರ ಹೆಸರಿನ ಮುಂದಿನ ಅಂಡಾಕಾರವನ್ನು ತುಂಬಿದಳು, ಚೂರೂ ಬಿಳಿ ಉಳಿಯದ ಹಾಗೆ. ಮತಪತ್ರವನ್ನು ಯಂತ್ರಕ್ಕೆ ಹಾಕಿ ಹೊರಬಂದು, ಕಾರಿನಲ್ಲಿ ಕೂತು, ಐದು ನಿಮಿಷ ಅತ್ತು, ಆಫೀಸಿಗೆ ಹೋದಳು.

ಮರುದಿನ ಬೆಳಿಗ್ಗೆ ಫಲಿತಾಂಶ ಬಂತು. ವಾಣಿಶ್ರೀಗೆ ಆರು ಸಾವಿರದ ನಾನೂರ ಹನ್ನೆರಡು. ಕೊವಾಲ್ಸ್ಕಿಗೆ ಆರು ಸಾವಿರದ ನೂರ ತೊಂಬತ್ತೆಂಟು. ಪದ್ಮನಾಭರಿಗೆ ಎರಡು ಸಾವಿರದ ಎಪ್ಪತ್ತೇಳು.

ಕನ್ನಡದ ವಾಟ್ಸಾಪ್ ಗುಂಪಿನಲ್ಲಿ ಇಡೀ ದಿನ ಯಾರೂ ಒಂದು ಅಕ್ಷರ ಬರೆಯಲಿಲ್ಲ. ಸಂಜೆ ಗದಿಗೆಪ್ಪನವರು ಕೈ ಮುಗಿದ ಚಿತ್ರ ಒಂದನ್ನು ಹಾಕಿದರು, ಅದು ಅಭಿನಂದನೆಯೋ ಸಂತಾಪವೋ ತಿಳಿಯಲಿಲ್ಲ. ಗುಂಪಿನ ಹೊರಗೆ ಒಬ್ಬೊಬ್ಬರೇ ವಾಣಿಶ್ರೀಗೆ ಫೋನ್ ಮಾಡಿ ಖುಷಿಪಟ್ಟರು. ಅವರೇ ಬಾಲಾಜಿ ದೇವಸ್ಥಾನದ ಪಾರ್ಕಿಂಗ್ ಲಾಟಿನಲ್ಲಿ, ಎಲೆ ಅಡಿಕೆ ಹಿಡಿದು ಮಾತು ಕೊಟ್ಟವಳು ಒಳಗೊಳಗೇ ಹೇಗೆ ಕೆಲಸ ಮಾಡಿದಳು ನೋಡಿ ಎಂದು ಆಡಿಕೊಂಡರು. ಆ ಮಾತು ಅವಳ ಕಿವಿಗೂ ಬಿತ್ತು. ತಾನು ಪದ್ಮನಾಭರಿಗೇ ಓಟು ಹಾಕಿದೆ ಎಂದು ಹೇಳಿದರೆ ನಂಬುವವರು ಯಾರು? ಗೆದ್ದವಳು ಹೇಳುವ ಮಾತು ಅದು. ಗುಟ್ಟಿನ ಮತದಾನವನ್ನು ಕಂಡುಹಿಡಿದವರ ಮೇಲೆ ಅವಳಿಗೆ ಮೊದಲ ಸಲ ಸಿಟ್ಟು ಬಂತು.

"ನೀನಾರ ನಂಬ್ತಿ ಹೌದಿಲ್ಲೋ?" ಎಂದು ಕಲ್ಮೇಶನನ್ನು ಕೇಳಿದಳು.

"ನಾ ನಂಬ್ತೀನಿ," ಎಂದ ಕಲ್ಮೇಶ್. "ನಾ ಅಂತೂ ನಿನಗ ಹಾಕೀನಿ."

ಶನಿವಾರ ಅವಳು ಶೇಂಗಾ ಹೋಳಿಗೆ ಮಾಡಿ, ಡಬ್ಬಿಗೆ ಹಾಕಿಕೊಂಡು, ಒಬ್ಬಳೇ ಪದ್ಮನಾಭರ ಮನೆಗೆ ಡ್ರೈವ್ ಮಾಡಿಕೊಂಡು ಹೋದಳು. ಮೂರು ಮೈಲಿ ದಾರಿಯಲ್ಲಿ ಏನು ಹೇಳಬೇಕೆಂದು ಏಳು ಥರ ಯೋಚಿಸಿ, ಅವರ ಡ್ರೈವ್‌ವೇಗೆ ಬರುವಷ್ಟರಲ್ಲಿ ಏಳನ್ನೂ ಕೈಬಿಟ್ಟಳು.

ಬಾಗಿಲು ತೆಗೆದವರು ಪದ್ಮನಾಭರೇ. ಇಸ್ತ್ರಿ ಅಂಗಿ, ಕಟ್ಟಿದ ಷೂ.

"ಬಾಮ್ಮ. ಕಂಗ್ರಾಚುಲೇಷನ್ಸ್," ಎಂದರು. ಒಳಗೆ ಕೂರಿಸಿದರು. ಕೌಸಲ್ಯಾ ಡಬ್ಬಿ ತೆಗೆದುಕೊಂಡು, ಅವಳ ತಲೆ ನೇವರಿಸಿ, ಕಾಫಿಗೆಂದು ಒಳಗೆ ಹೋದರು. ವಾಣಿಶ್ರೀ ಸೋಫಾದ ತುದಿಯಲ್ಲಿ ಕೂತಳು. ಪದ್ಮನಾಭರು ಮೂವತ್ತೈದು ವರ್ಷ ಕಾರು ಕಾರ್ಖಾನೆಯ ಇಂಜಿನಿಯರಾಗಿದ್ದವರು, ಅಂಕಿಗಳನ್ನು ಸುಮ್ಮನೆ ಬಿಡುವವರಲ್ಲ. ಕೌಂಟಿಯ ವೆಬ್‌ಸೈಟಿನಿಂದ ಫಲಿತಾಂಶ ಪೂರ್ತಿ ಇಳಿಸಿ, ಅಚ್ಚು ಹಾಕಿ, ಹಳದಿ ಪೆನ್ನಿನಲ್ಲಿ ಗೆರೆ ಎಳೆದು ಮೇಜಿನ ಮೇಲಿಟ್ಟಿದ್ದರು.

"ನಿಮ್ಮ ಹೆರಾನ್ ಪಾಂಡ್ ಬೇರೆ ಟೌನ್‌ಶಿಪ್ಪಲ್ಲಿ ಇದೆಯಲ್ಲ, ಅದಕ್ಕೆ ಅದರ ಎಣಿಕೆ ಬೇರೆಯಾಗೇ ಬಂದಿದೆ," ಎಂದರು. "ನಿನಗೆ ಎಪ್ಪತ್ತೊಂದು. ಕೊವಾಲ್ಸ್ಕಿಗೆ ಹದಿನಾಲ್ಕು. ನನಗೆ ಒಂದು."

ವಾಣಿಶ್ರೀ ಕಾಗದ ನೋಡಿದಳು. ಒಂದು ಎಂದೇ ಇತ್ತು. ಒಂಬತ್ತು ಕನ್ನಡದ ಮನೆ, ಒಂಬತ್ತು ಸಲ ಚಹಾ, ಎದೆ ಮುಟ್ಟಿಕೊಂಡ ಅಷ್ಟು ಕೈಗಳು, ಎಲ್ಲ ಸೇರಿ ಒಂದು. ಆ ಒಂದರಲ್ಲಿ ಅವರ ಪಾಲು ಏನೂ ಇಲ್ಲವೆಂಬುದು ಅವಳಿಗೆ ಮಾತ್ರ ಗೊತ್ತಿತ್ತು. ಅವಳಿಗೆ ಪದ್ಮನಾಭರ ಮುಖ ನೋಡಲಾಗಲಿಲ್ಲ.

"ಬುಧವಾರ ರಾತ್ರಿ ಸುರೇಶ ಫೋನ್ ಮಾಡಿದ್ದ, ನಿಮ್ಮ ಪಕ್ಕದ ಮನೆಯವನು," ಎಂದು ಪದ್ಮನಾಭರು ಶುರು ಮಾಡಿದರು. "ಅಂಕಲ್, ಆ ಒಂದು ಓಟು ನಂದು ಅಂದ. ನಂಗೆ ತುಂಬ ಸಂತೋಷ ಆಯ್ತು. ಗುರುವಾರ ಅವನ ಹೆಂಡತಿ ಲತಾಶ್ರೀ ಮಾಡಿದ್ಲು. ಆ ಒಂದು ಓಟು ನಂದು ಅಂಕಲ್, ಇವರು ವಾಣಿಗೇ ಹಾಕಿದ್ರು, ನಾನು ಹೇಳ್ದೆ ಅಂತ ಹೇಳ್ಬೇಡಿ ಅಂದ್ಲು. ಆಮೇಲೆ ನಾನು ಒಂದು ಪಟ್ಟಿ ಬರೆದಿಡೋಕೆ ಶುರು ಮಾಡ್ದೆ."

ಅವರು ಅಂಗಿಯ ಜೇಬಿನಿಂದ ಚೀಟಿ ತೆಗೆದು, ಕನ್ನಡಕ ಸರಿಮಾಡಿಕೊಂಡು ನೋಡಿದರು. "ಇವತ್ತು ಬೆಳಿಗ್ಗೆ ತನಕ ಹನ್ನೊಂದು ಜನ ಆಗಿದ್ದಾರೆ."

"ಹನ್ನೊಂದು?" ಎಂದಳು ವಾಣಿಶ್ರೀ.

"ನಿಮ್ಮ ಕಲ್ಮೇಶನೂ ಮಾಡಿದ್ದ. ಏಳನೆಯವನು."

ವಾಣಿಶ್ರೀ ಕಣ್ಣು ಮುಚ್ಚಿಕೊಂಡಳು.

"ಹನ್ನೊಂದನೆಯವರು ಡಾಕ್ಟರ್ ಗದಿಗೆಪ್ಪ," ಎಂದರು ಪದ್ಮನಾಭ. "ಆ ಒಂದು ಓಟು ನಂದ ನೋಡ್ರಿ ಅಂದ್ರು. ನೀವು ಇರೋದು ಫಾರ್ಮಿಂಗ್ಟನ್ ಹಿಲ್ಸ್ ಅಲ್ವಾ ಡಾಕ್ಟ್ರೇ ಅಂತ ಕೇಳೋದಕ್ಕೆ ನನಗೆ ಮನಸ್ಸಾಗಲಿಲ್ಲ."

ಅಡುಗೆಮನೆಯಲ್ಲಿ ಕೌಸಲ್ಯಾ ನಗುವುದು ಕೇಳಿಸಿತು. ಪದ್ಮನಾಭರು ನಗಲಿಲ್ಲ. ಚೀಟಿಯನ್ನು ಮತ್ತೆ ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು. ಕಾಫಿ ಬಂತು. ಹೋಳಿಗೆಯೂ ತಟ್ಟೆಯಲ್ಲಿ ಬಂತು. ಮೂವರೂ ಸ್ವಲ್ಪ ಹೊತ್ತು ಅದನ್ನೇ ತಿಂದರು. ತಾನು ಸೀಟು ಬಿಟ್ಟುಬಿಡಲೇ ಎಂದು ಕೇಳಬೇಕೆಂದುಕೊಂಡಳು ವಾಣಿಶ್ರೀ. ಬಾಯಿ ತೆಗೆದಳು. ಬಸ್ಸು ನೆನಪಾಗಿ ಮುಚ್ಚಿದಳು.

"ನೀನೊಬ್ಬಳು ಹೇಳಲಿಲ್ಲ," ಎಂದರು ಪದ್ಮನಾಭ.

"ಏನ್ರೀ ಅಂಕಲ್?"

"ಆ ಒಂದು ಓಟು ನಂದು ಅಂತ. ಬಂದು ಅರ್ಧ ಗಂಟೆ ಆಯ್ತು. ಹೇಳ್ತೀಯೇನೋ ಅಂತ ಕಾಯ್ತಾ ಇದ್ದೆ."

ವಾಣಿಶ್ರೀ ಲೋಟ ಕೆಳಗಿಟ್ಟಳು. "ಹೇಳಿದ್ರ ನಾ ಹನ್ನೆರಡನೇದಾಕಿ ಆಗ್ತೀನ್ರಿ," ಎಂದಳು.

ಪದ್ಮನಾಭರು ತಲೆದೂಗಿದರು. ಮೇಜಿನ ಮೇಲಿನ ಕಾಗದವನ್ನು ಎತ್ತಿಕೊಂಡು, ಹಳದಿ ಗೆರೆಯ ಆ ಒಂದು ಎಂಬ ಅಂಕಿಯ ಮೇಲೆ ಬೆರಳಿಟ್ಟು, ಅವಳ ಕಡೆ ನೋಡಿದರು. ಅವರ ಕಣ್ಣು ತುಂಬಿತ್ತು. ಅವಳದೂ ತುಂಬಿತು. ಕೌಸಲ್ಯಾ ಎದ್ದು, ಯಾರಿಗೂ ಬೇಡದಿದ್ದರೂ, ಇನ್ನೊಂದೊಂದು ಹೋಳಿಗೆಯನ್ನು ಇಬ್ಬರ ತಟ್ಟೆಗೂ ಹಾಕಿದರು.

"ನಾನು ಗೆದ್ರೆ ಮೊದಲನೇ ಮೀಟಿಂಗಲ್ಲೇ ಬಸ್ಸಿನ ವಿಷಯ ಎತ್ತುತೀನಿ ಅಂದಿದ್ದೆ," ಎಂದರು ಪದ್ಮನಾಭ. "ಮಾತು ಕೊಟ್ಟವಳು ನೀನೊಬ್ಬಳೇ ಅಲ್ಲ. ಗೆಲ್ಲದೇ ಇದ್ದವರೂ ಅಲ್ಲಿ ಮಾತಾಡಬಹುದಲ್ವಾ?"

"ಯಾರು ಬೇಕಾದ್ರೂ ಮಾತಾಡಬಹುದ್ರಿ."

"ಎಷ್ಟು ನಿಮಿಷ ಕೊಡ್ತಾರೆ?"

"ಮೂರ್ರಿ. ನಮಸ್ಕಾರ ಗಿಮಸ್ಕಾರ ಏನೂ ಹೇಳಬ್ಯಾಡ್ರಿ ಅಂಕಲ್. ಸ್ಲೈಡು ಬ್ಯಾಡ್ರಿ. ಸೀದಾ ಬಸ್ಸಿಗೆ ಬರ್ರಿ."

"ಯಾವತ್ತು ಮೀಟಿಂಗು?"

"ಬರೋ ಮಂಗಳವಾರ ಐತ್ರಿ. ಸಂಜಿ ಏಳಕ್ಕ. ನಾ ಜನವರಿಗೆ ಕುರ್ಚ್ಯಾಗ ಕೂಡಾಕಿ, ಅಲ್ಲೀತನಕ ನಿಮ್ಮ ಬಾಜೂನ ಕುಂದರ್ತೀನಿ."

"ಏಳಕ್ಕೆ," ಎಂದರು ಪದ್ಮನಾಭ. ಕೈ ಒರೆಸಿಕೊಂಡು ಎದ್ದರು. ಅಂದು ಶನಿವಾರ, ಇನ್ನೂ ಮೂರು ದಿನ ಇತ್ತು. ಅವರು ಒಳಗಿನ ಕೋಣೆಗೆ ಹೋಗಿ, ಬೀರುವಿನಿಂದ ನೀಲಿ ಅಂಗಿಯೊಂದನ್ನು ತಂದು, ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ಹಾಕಿದರು.